ಒಂಬತ್ತನೇ ಹಾಸಿಗೆಯ ವರದಿ

ಹಿಂದಿನಿಂದ ಚಿಲಕ ಹಾಕಿದ ಸದ್ದಾಯಿತು. ಬೇಸಿನ್ನಿನ ತಣ್ಣೀರಿಗೆ ಬಿಸಿನೀರು ಬೆರೆಸುತ್ತಿದ್ದ ದೊಡ್ಡ ಸಿಸ್ಟರ್ ಜಗ್ಗನ್ನು ಹಾಗೇ ಎತ್ತಿ ಹಿಡಿದು ತಿರುಗಿ ನೋಡಿದರು. ಸತ್ತವಳ ಮಗಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಚಿಲಕ ಯಾಕೆ ಹಾಕಿದೆ?"

"ಮೈ ತೊಳೆಯೋವಾಗ ಯಾರಾದ್ರೂ ನುಗ್ಗಿಬಿಟ್ರೆ ಅಂತ, ಸಿಸ್ಟರ್."

ಉತ್ತರವೇನೋ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದದ್ದೇ ದೊಡ್ಡ ಸಿಸ್ಟರಿಗೆ ಹಿಡಿಸಲಿಲ್ಲ. ಮೂವತ್ತೈದು ವರ್ಷ ವಾರ್ಡು ಆಳಿದವರು ಅವರು. ಕೇಳಿದ ಕೂಡಲೇ ಥಟ್ಟನೆ ಬರುವ ಉತ್ತರವನ್ನು ಎಂದೂ ನಂಬಿದವರಲ್ಲ. ಔಷಧಿ ಕೊಟ್ಟೆಯಾ ಎಂದರೆ ತಡವರಿಸದೆ ಹೂಂ ಅನ್ನುವವಳು ಕೊಟ್ಟಿರುವುದಿಲ್ಲ ಎಂಬುದು ಅವರ ಲೆಕ್ಕ. ಎಪ್ಪತ್ತಾರು ತುಂಬಿ, ಮಂಡಿ ಸವೆದು, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ಬಿಡುವಂತಾದರೂ ಆ ಲೆಕ್ಕ ಮಾತ್ರ ಸವೆದಿರಲಿಲ್ಲ.

ಮಂಚದ ಮೇಲೆ ಮಲಗಿದ್ದವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಇರುವೆ ಅನ್ನುತ್ತಿದ್ದರು. ಸಹಾಯಕಿಯಾಗಿದ್ದಷ್ಟು ಕಾಲ ಬರೀ ಇರುವೆ, ಓದಿ ನರ್ಸ್ ಆದಮೇಲೆ ಇರುವೆ ಸಿಸ್ಟರ್. ಗಿಡ್ಡ ಆಳು, ಒಂದು ಕಡೆ ನಿಲ್ಲದ ಕಾಲು. ತನ್ನ ಎರಡರಷ್ಟು ತೂಕದ ರೋಗಿಯನ್ನು ಒಬ್ಬಳೇ ಮಗ್ಗುಲು ತಿರುಗಿಸಿ, ಕೆಳಗಿನ ಬಟ್ಟೆ ಬದಲಿಸಿ, ಅವನಿಗೆ ಗೊತ್ತಾಗುವ ಮೊದಲೇ ಪಕ್ಕದ ಹಾಸಿಗೆಗೆ ಹೋಗಿರುತ್ತಿದ್ದಳು. ಅರವತ್ತನಾಲ್ಕಕ್ಕೆ ಹೃದಯ ಕೈಕೊಟ್ಟಿತ್ತು. ನಿನ್ನೆ ಸಂಜೆ ಹೋದವಳನ್ನು ಇವತ್ತು ಬೆಳಿಗ್ಗೆ ಮನೆಗೆ ತಂದಿದ್ದರು. ಮೂರು ಗಂಟೆಗೆ ಗಾಡಿ ಬರುವುದಿತ್ತು.

ಬೆಳಿಗ್ಗೆ ಏಳಕ್ಕೆ ಮಗಳ ಫೋನ್ ಬಂದಿತ್ತು. ಅಮ್ಮ ಹೋಗಿಬಿಟ್ಟರು, ತನ್ನ ಮೈ ತೊಳೆಯಲು ದೊಡ್ಡ ಸಿಸ್ಟರನ್ನೇ ಕರೆಯಬೇಕು ಎಂದಿದ್ದರು, ಅವರು ಹೊದಿಸಿದಷ್ಟು ಅಚ್ಚುಕಟ್ಟಾಗಿ ಯಾರೂ ಹೊದಿಸುವುದಿಲ್ಲವಂತೆ, ಜೊತೆಗೆ ನಿಮಗೆ ಒಂದು ಮಾತು ಹೇಳಿ ಹೋಗಿದ್ದಾರೆ ಎಂದಳು. ಆ ಒಂದು ಮಾತು ಎಂದದ್ದನ್ನು ದೊಡ್ಡ ಸಿಸ್ಟರ್ ಇನ್ನೊಮ್ಮೆ ಹೇಳಿಸಿ ಕೇಳಿದರು. ಮೂವತ್ತನಾಲ್ಕು ವರ್ಷದಿಂದ ಆ ಮಾತು ಯಾವ ದಿಕ್ಕಿನಿಂದ ಬರುತ್ತದೋ ಎಂದು ಕಾದು ಕುಳಿತವರು ಅವರು. ಮಂಡಿನೋವು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ತಾನಿಲ್ಲದ ಮನೆಯಲ್ಲಿ ತನ್ನ ಬಗ್ಗೆ ಯಾರು ಏನು ಆಡಿಕೊಂಡಾರೋ? ಇರುವೆ ಬಾಯಿ ಬಿಟ್ಟಿದ್ದಾಳೋ ಇಲ್ಲವೋ, ಬಿಟ್ಟಿದ್ದರೆ ಯಾರ ಹತ್ತಿರ ಬಿಟ್ಟಿದ್ದಾಳೆ, ಇದು ತಿಳಿಯಬೇಕಿತ್ತು. ಆದ್ದರಿಂದ ಬಂದಿದ್ದರು. ಸಾವಿಗೆ ಬಂದಿದ್ದರು ಅನ್ನುವುದಕ್ಕಿಂತ ಕಾವಲಿಗೆ ಬಂದಿದ್ದರು ಅನ್ನುವುದೇ ಸರಿ.

ಇಬ್ಬರೂ ಕೆಲಸಕ್ಕೆ ಕೈ ಹಾಕಿದರು. ಮುಖದಿಂದ ಶುರು ಮಾಡಿ ಕುತ್ತಿಗೆ, ತೋಳು, ಬೆರಳ ಸಂದು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಎದುರಿಗಿದ್ದವರ ಮುಖವನ್ನು ಅಳತೆ ತೆಗೆದುಕೊಳ್ಳುವ ಹಾಗೆ ನೋಡುವುದು ಅವಳ ಅಭ್ಯಾಸ. ಬಟ್ಟೆ ಹಿಂಡುತ್ತಾ ಆಗಾಗ ಹಾಗೆ ನೋಡುತ್ತಿದ್ದಳು. ನೋಡಿದಾಗಲೆಲ್ಲ ದೊಡ್ಡ ಸಿಸ್ಟರಿಗೆ ಮೈಯೆಲ್ಲ ಮುಳ್ಳಾಗುತ್ತಿತ್ತು.

"ಅಮ್ಮ ನಿಮ್ಮ ವಿಷಯ ಎಲ್ಲಾ ಹೇಳಿದಾರೆ ಸಿಸ್ಟರ್," ಎಂದಳು.

"ಎಲ್ಲಾ ಅಂದ್ರೆ?"

"ಎಲ್ಲಾ. ಒಂಬತ್ತನೇ ಹಾಸಿಗೆ ವಿಷಯಾನೂ."

ದೊಡ್ಡ ಸಿಸ್ಟರ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟತೊಟ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿ, ಹೂವಿನವನು ಬಂದಿದ್ದಾನೆ ಎಂದರು. ಮಗಳು ಕೈ ಒರೆಸಿಕೊಂಡು, "ಆಮೇಲೆ ಹೇಳ್ತೀನಿ. ಕೂತು ಹೇಳೋ ಮಾತು ಅದು," ಎಂದು ಚಿಲಕ ತೆಗೆದು ಹೋದಳು.

ಒಬ್ಬರೇ ಉಳಿದ ದೊಡ್ಡ ಸಿಸ್ಟರ್ ಇರುವೆಯ ಮುಖವನ್ನೇ ನೋಡಿದರು. ಮುಖ ಏನೂ ಬಿಟ್ಟುಕೊಡಲಿಲ್ಲ. ಹದಿನೈದು ವರ್ಷ ಒಂದೇ ಆಸ್ಪತ್ರೆಯ ಪಡಸಾಲೆಯಲ್ಲಿ ಎದುರಾದಾಗಲೆಲ್ಲ ಕೈ ಮುಗಿದು ಪಕ್ಕಕ್ಕೆ ಸರಿದು ನಿಂತಾಗಲೂ ಈ ಮುಖ ಹೀಗೇ ಇರುತ್ತಿತ್ತು. ಅದು ಮರ್ಯಾದೆಯೋ ಅಣಕವೋ ಅವರಿಗೆ ಒಂದು ದಿನವೂ ಗೊತ್ತಾಗಿರಲಿಲ್ಲ.

*

ಆಗ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ನಾಡಿ ಎಣಿಸುವವಳು, ಜ್ವರ ನೋಡುವವಳು, ಮೂತ್ರ ಅಳೆಯುವವಳು ಸಹಾಯಕಿ. ಬರೆಯುವವಳು ಮಾತ್ರ ಸಿಸ್ಟರ್. ಚಾರ್ಟಿನ ಮೇಲೆ ಸಹಾಯಕಿಯ ಪೆನ್ನು ತಾಗುವಂತಿರಲಿಲ್ಲ. ಬೂದು ಸೀರೆಯವಳು ಬಂದು ಬಾಯಲ್ಲಿ ಹೇಳಬೇಕು, ಬಿಳಿ ಸೀರೆಯವಳು ಬರೆದು ಸಹಿ ಹಾಕಬೇಕು. ಹೇಳಿದ್ದಕ್ಕೆ ಗುರುತು ಉಳಿಯುತ್ತಿರಲಿಲ್ಲ, ಬರೆದದ್ದು ಉಳಿಯುತ್ತಿತ್ತು.

ಆ ಮಧ್ಯಾಹ್ನ ದೊಡ್ಡ ಸಿಸ್ಟರ್ ಡ್ಯೂಟಿ ಕೋಣೆಯಲ್ಲಿ ಬಟ್ಟೆಬರೆಯ ಪಟ್ಟಿ ಹಿಡಿದು ಕುಳಿತಿದ್ದರು. ಮರುದಿನ ತಪಾಸಣೆ. ಎಷ್ಟು ಸಲ ಎಣಿಸಿದರೂ ಆರು ದಿಂಬಿನ ಚೀಲ ಸಿಗುತ್ತಿರಲಿಲ್ಲ. ಇರುವೆ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ಆಗ ಮೂವತ್ತು, ಕೆಲಸಕ್ಕೆ ಸೇರಿ ಹನ್ನೊಂದು ವರ್ಷ.

"ಸಿಸ್ಟರ್, ಒಂಬತ್ತನೇ ಹಾಸಿಗೆ ದರ್ಜಿಯವರದು ನಾಡಿ ನೂರಮೂವತ್ತೆರಡು ಇದೆ. ಎರಡು ಸಲ ಎಣಿಸಿದೆ. ಮೈ ತಣ್ಣಗಾಗಿ ಬೆವರ್ತಾ ಇದಾರೆ. ನೀರು ನೀರು ಅಂತಾರೆ. ಯಾಕೋ ನನಗೆ ಸರಿ ಕಾಣ್ತಿಲ್ಲ."

"ಹ್ಞೂ, ಬರ್ತೀನಿ ಹೋಗು," ಎಂದರು ದೊಡ್ಡ ಸಿಸ್ಟರ್, ತಲೆ ಎತ್ತದೆ. ಗೋಡೆಯ ಗಡಿಯಾರ ಎರಡು ಹತ್ತು ತೋರಿಸುತ್ತಿತ್ತು.

ಕೇಳಿಸಿರಲಿಲ್ಲ ಅಂತಲ್ಲ. ಕೇಳಿಸಿತ್ತು. ಈ ಪುಟ ಮುಗಿಸಿ ಏಳೋಣ ಅಂದುಕೊಂಡರು. ಪುಟ ಮುಗಿದಾಗ ಮೂರಾಗುತ್ತಾ ಬಂದಿತ್ತು. ಚಾರ್ಟುಗಳು ಖಾಲಿ ಇದ್ದವು. ಎಂದಿನಂತೆ ಇಪ್ಪತ್ತು ಹಾಸಿಗೆಯ ಎರಡು ಗಂಟೆಯ ಕಾಲಮ್ಮನ್ನು ಒಂದೇ ಉಸಿರಿನಲ್ಲಿ ತುಂಬಿಸಿದರು. ಎಂಬತ್ತು, ಎಂಬತ್ತಾರು, ಎಂಬತ್ತೆರಡು. ಬೆಳಿಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನವೂ ಚೆನ್ನಾಗಿರುತ್ತಾರೆ ಎಂಬ ಧೈರ್ಯ. ಎಲ್ಲ ಸಿಸ್ಟರುಗಳೂ ಹಾಗೇ ತುಂಬಿಸುತ್ತಿದ್ದರು. ಒಂಬತ್ತನೇ ಹಾಸಿಗೆಗೆ ಎಂಬತ್ತನಾಲ್ಕು ಬಿತ್ತು. ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ, ಒಳಗೊಳಗೇ ರಕ್ತ ಹರಿದು, ಮೂರೂ ನಲವತ್ತಕ್ಕೆ ದರ್ಜಿ ತೀರಿಕೊಂಡರು.

*

ಹಾಲಿನಲ್ಲಿ ಕುರ್ಚಿಗಳನ್ನು ಗೋಡೆಗುಂಟ ಹಾಕಿದ್ದರು. ತೊಳೆದು, ಬಿಳಿಯ ಹೊದಿಕೆ ಹೊದಿಸಿದ ಇರುವೆಯನ್ನು ನಡುವೆ ಮಲಗಿಸಿ ಆಗಿತ್ತು. ಯಾರೋ ಒಬ್ಬ ಹುಡುಗ ದೊಡ್ಡ ಸಿಸ್ಟರನ್ನು ಮುಂದಿನ ಕುರ್ಚಿಗೇ ಕರೆದು ಕೂರಿಸಿದ. ಮುಂದೆ ಯಾಕೆ? ಎಲ್ಲರ ಕಣ್ಣಿಗೆ ಬೀಳಲಿ ಅಂತಲೇ? ಹಿಂದೆ ಜಾಗ ಇದೆಯಲ್ಲ ಎಂದರು. ಅವನು ಕೇಳಲಿಲ್ಲ. ಚಹಾ ಬಂತು, ಅವರಿಗೆ ಮಾತ್ರ ಸಕ್ಕರೆ ಇಲ್ಲದ್ದು. ತನಗೆ ಸಕ್ಕರೆ ಆಗದು ಎಂದು ಈ ಮನೆಯಲ್ಲಿ ಯಾರಿಗೆ ಗೊತ್ತು, ಯಾರು ಹೇಳಿದರು, ಇನ್ನೇನೇನು ಗೊತ್ತು? ಲೋಟವನ್ನು ಕೈಯಲ್ಲೇ ತಣಿಸಿದರು.

ಸಹಾಯಕಿಯರ ಹಿಂಡೇ ಬಂದಿತ್ತು. ಕೆಲವರು ಡ್ಯೂಟಿಯ ನಡುವೆ ಓಡಿ ಬಂದವರು, ಬೂದು ಸೀರೆಯಲ್ಲೇ ಇದ್ದರು. ಅವರಲ್ಲಿ ಜೋರು ಎಂದು ಹೆಸರಾದ ದಪ್ಪ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತಾ ಇರುವೆಯ ಸುದ್ದಿ ಹೇಳುತ್ತಿದ್ದಳು. ನರ್ಸ್ ಆದಮೇಲೂ ಮಲದ ಪಾತ್ರೆ ತಾನೇ ಎತ್ತಿಕೊಂಡು ಹೋಗುತ್ತಿದ್ದದ್ದು, ಹೊಸ ನರ್ಸುಗಳು ನಕ್ಕಿದ್ದು, ಇಷ್ಟು ವರ್ಷ ಎತ್ತಿದ ಕೈಗೆ ಸರ್ಟಿಫಿಕೇಟು ಬಂದ ತಕ್ಷಣ ವಾಸನೆ ಹೊಡೆಯುತ್ತದೆಯೇ ಎಂದು ಇವಳು ಕೇಳಿದ್ದು. ಅಳುತ್ತಿದ್ದವರೂ ನಕ್ಕರು.

"ಚಾರ್ಟಲ್ಲಿ ನಮ್ಮ ಹೆಸರು ಬರೀತಿದ್ದದ್ದು ಅವರೊಬ್ಬರೇ," ಎಂದಳು ಜೋರು. "ಇಷ್ಟು ಗಂಟೆಗೆ ಸಹಾಯಕಿ ಇಂಥವಳು ಬಂದು ಹೇಳಿದಳು ಅಂತ ಬರೆದು, ಕೆಳಗೆ ಸಹಿ."

ಈಗಿನ ಮೇಟ್ರನ್ ಪಕ್ಕದಲ್ಲೇ ಕುಳಿತಿದ್ದಳು. ದೊಡ್ಡ ಸಿಸ್ಟರ ಕೈಕೆಳಗೆ ಪಳಗಿದವಳು. ಚಾರ್ಟು ಹಾಜರಿ ಪುಸ್ತಕವಲ್ಲ ಎಂದು ತಾನೇ ಎರಡು ಸಲ ನೋಟೀಸು ಕೊಟ್ಟಿದ್ದನ್ನು ಹೇಳಿಕೊಂಡಳು. ಇರುವೆ ನೋಟೀಸು ತೆಗೆದುಕೊಂಡು, ಸರಿ ಮೇಡಂ ಎಂದು, ಮರುದಿನ ಮತ್ತೆ ಹೆಸರು ಬರೆಯುತ್ತಿದ್ದಳಂತೆ.

"ಯಾಕಕ್ಕ ಬರೀತೀರ ಅಂತ ನಾನೇ ಕೇಳಿದ್ದೆ," ಎಂದಳು ಜೋರು. "ಹೇಳಿದ್ನೋ ಇಲ್ವೋ ಅಂತ ಆಮೇಲೆ ನೀನು ಒದ್ದಾಡಬಾರ್ದು ಕಣೇ, ಅಂದ್ರು."

ಇದು ತನಗೇ ಬಿಟ್ಟ ಬಾಣ ಎಂದು ದೊಡ್ಡ ಸಿಸ್ಟರಿಗೆ ಖಾತ್ರಿಯಾಯಿತು. ತಿರುಗಿ ನೋಡಿದರೆ ಜೋರು ಮೂಗು ಒರೆಸಿಕೊಳ್ಳುತ್ತಿದ್ದಳು. ಇವರ ಕಡೆ ಅವಳ ಗಮನವೇ ಇರಲಿಲ್ಲ. ನಾಟಕ ಬೇರೆ, ಅಂದುಕೊಂಡರು.

ಆಗ ಲಾಂಡ್ರಿ ಮಾವ ಬಂದು ಪಕ್ಕದ ಕುರ್ಚಿ ಹಿಡಿದ. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಆಯುಷ್ಯ ಸವೆಸಿದ ಮುದುಕ. ಬೆರಳ ತುದಿಗಳು ಇನ್ನೂ ಬಿಳಿಚಿಕೊಂಡೇ ಇದ್ದವು. ದರ್ಜಿ ಸತ್ತಮೇಲೆ ಇರುವೆಯನ್ನು ವಾರ್ಡಿನಿಂದ ತೆಗೆದು ಎರಡು ವರ್ಷ ಇವನ ಕೈಕೆಳಗೆ ಹಾಕಿದ್ದರು. ದೊಡ್ಡ ಸಿಸ್ಟರ್ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಈ ಮುದುಕನಿಗೇ.

"ಚೆನ್ನಾಗಿದೀರಾ ಸಿಸ್ಟರ್? ಎರಡು ವರ್ಷ ನನ್ನ ಹತ್ರ ಇದ್ಲು ಹುಡುಗಿ."

"ಗೊತ್ತು," ಎಂದರು. ಸ್ವಲ್ಪ ತಡೆದು, ಸುಮ್ಮನೆ ಕೇಳುವವರ ಹಾಗೆ, "ಏನಾದ್ರೂ ಹೇಳ್ತಿದ್ಲಾ?"

"ಏನು ಹೇಳ್ಬೇಕಿತ್ತು?"

ಮುದುಕ ಪಾಕಡಾ, ಬಾಯಿ ಬಿಡಿಸುತ್ತಿದ್ದಾನೆ. ದೊಡ್ಡ ಸಿಸ್ಟರ್ ಲೋಟವನ್ನು ಕುರ್ಚಿಯ ಕೆಳಗಿಟ್ಟರು. ಮಾವನೇ ಮುಂದುವರಿಸಿದ. ಹೊದಿಕೆ ಮಡಿಸುವಾಗ ಅವಳೊಂದು ತುದಿ, ತಾನೊಂದು ತುದಿ. ನಡುವೆ ಒಮ್ಮೊಮ್ಮೆ ಕೈ ನಿಲ್ಲಿಸಿಬಿಡುತ್ತಿದ್ದಳಂತೆ. "ಮಾವ, ಮಾಡದೇ ಇದ್ದದ್ದು ಮಾಡಿದ ಹಾಗೆ ಕಣ್ಣಿಗೆ ಕಟ್ಟೋಕೆ ಸಾಧ್ಯವಾ, ಅಂತ ಕೇಳೋಳು. ನಾನು ಬಾಯ್ಲರ್ ನೋಡೋನು, ನನಗೇನಮ್ಮ ಗೊತ್ತು ಅದೆಲ್ಲ ಅಂತಿದ್ದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತಿಗೆ ಏನರ್ಥವೋ ದೊಡ್ಡ ಸಿಸ್ಟರಿಗೆ ಹೊಳೆಯಲಿಲ್ಲ. ಕುಟುಕುತ್ತಿದ್ದಾನೆ ಎಂದಷ್ಟೇ ತಿಳಿದರು.

*

ವಿಚಾರಣೆ ನಡೆದದ್ದು ಮೇಲಧಿಕಾರಿಯ ಕೋಣೆಯಲ್ಲಿ, ಹತ್ತೇ ನಿಮಿಷ. ಮೇಜಿನ ಮೇಲೆ ಚಾರ್ಟು ಇತ್ತು. ಎರಡು ಗಂಟೆಗೆ ಎಂಬತ್ತನಾಲ್ಕು ಎಂದು ದುಂಡಗೆ ಬರೆದಿತ್ತು. ಇರುವೆ ಮೂಲೆಯಲ್ಲಿ ನಿಂತು, ನಾನು ಹೇಳಿದ್ದೆ ಸಾರ್, ಸಿಸ್ಟರಿಗೆ ಹೇಳಿದ್ದೆ, ಎಂದಳು. ಅಧಿಕಾರಿ ದೊಡ್ಡ ಸಿಸ್ಟರ ಕಡೆ ತಿರುಗಿದರು.

ಆ ಹೊತ್ತಿಗೆ ಬೈದಿದ್ದರೆ ಆಗುತ್ತಿತ್ತು. ಸುಳ್ಳುಬುರುಕಿ ಎಂದು ಕೂಗಿದ್ದರೆ ಇರುವೆ ಹಟ ಹಿಡಿಯುತ್ತಿದ್ದಳೋ ಏನೋ. ದೊಡ್ಡ ಸಿಸ್ಟರ್ ಎದ್ದು ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟರು. ತಂಗಿಗೆ ಹೇಳುವ ಹಾಗೆ ಹೇಳಿದರು.

"ಹೇಳ್ಬೇಕು ಅಂದುಕೊಂಡಿರ್ತೀಯ ಕಣೇ. ಕೆಲಸದ ಗಡಿಬಿಡೀಲಿ ಮರ್ತುಹೋಗಿರತ್ತೆ. ಹೇಳಿದೀನಿ ಅಂತಲೇ ಮನಸ್ಸಿಗೆ ಅನ್ನಿಸ್ತಾ ಇರತ್ತೆ. ಇದು ಎಲ್ಲರಿಗೂ ಆಗತ್ತೆ, ಅಳಬೇಡ."

ಇರುವೆ ಅವರ ಮುಖವನ್ನೂ ಚಾರ್ಟನ್ನೂ ಒಂದಾದಮೇಲೊಂದು ನೋಡಿದಳು. ಆಮೇಲೆ ಬಾಯಿ ತೆರೆಯಲಿಲ್ಲ. ಪಾಪ, ಒಳ್ಳೆಯವರು ನೀವು, ಎಂದು ಅಧಿಕಾರಿ ದೊಡ್ಡ ಸಿಸ್ಟರಿಗೆ ಹೇಳಿದರು.

ಅವಳು ಸುಮ್ಮನಾದದ್ದೇ ದೊಡ್ಡ ಸಿಸ್ಟರಿಗೆ ನುಂಗಲಾರದ ತುತ್ತಾಯಿತು. ಕೂಗಾಡುವವಳಾದರೆ ಅಳತೆ ಸಿಗುತ್ತದೆ. ಸುಮ್ಮನಿರುವವಳು ಒಳಗೆ ಏನು ಹೊಂಚುತ್ತಾಳೋ ಯಾರಿಗೆ ಗೊತ್ತು? ಎರಡು ವರ್ಷದ ಮೇಲೆ ನರ್ಸಿಂಗ್ ಓದಲು ಅರ್ಜಿ ಹಿಡಿದು ಬಂದಳು. ಹಳೆಯ ದಾಖಲೆ ಕೆದಕುವುದಕ್ಕೇ ಓದಲು ಹೊರಟಿದ್ದಾಳೆ ಎಂದು ದೊಡ್ಡ ಸಿಸ್ಟರಿಗೆ ಅನುಮಾನ ಬಂತು. ಆದರೂ ಮೂರು ವರ್ಷ ಕಣ್ಣೆದುರಿನಿಂದ ತೊಲಗುತ್ತಾಳಲ್ಲ ಎಂದು ಶಿಫಾರಸಿಗೆ ಸಹಿ ಹಾಕಿದರು. ಎಳೆ ಹುಡುಗಿಯರ ನಡುವೆ ಮೂವತ್ತೆರಡರವಳು ಬೆಂಚಿನ ಮೇಲೆ ಕುಳಿತು ಓದಿದಳು. ಮನೆಯಲ್ಲಿ ಸಣ್ಣ ಮಗು, ಗಂಡ ಊರೂರು ತಿರುಗುವ ಲಾರಿಯವನು. ಪಾಸಾಗಿ ಬಿಳಿ ಸೀರೆ ಉಟ್ಟು ಅದೇ ಆಸ್ಪತ್ರೆಗೆ ಬಂದ ದಿನ ದೊಡ್ಡ ಸಿಸ್ಟರ್ ಮೇಲಿನವರನ್ನು ಕಂಡು, ಅವಳನ್ನು ನನ್ನ ವಾರ್ಡಿಗೆ ಹಾಕಬೇಡಿ ಎಂದು ಕೇಳಿಕೊಂಡರು. ಕಾರಣ ಹೇಳಲಿಲ್ಲ.

*

ಎರಡೂವರೆಗೆ ಮಗಳು ಬಂದು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಒಂದು ಸ್ಟೂಲು ಎಳೆದುಕೊಟ್ಟು, ತಾನು ಸಿಂಕಿಗೆ ಒರಗಿ ನಿಂತಳು. ಸರಿ, ಬಂತು ಅಂದುಕೊಂಡರು ದೊಡ್ಡ ಸಿಸ್ಟರ್. ಏನೆಂದರೂ ಇಲ್ಲ ಅನ್ನುವುದು. ಮೂವತ್ತನಾಲ್ಕು ವರ್ಷದ ಹಿಂದಿನದು, ಚಾರ್ಟಿನಲ್ಲಿ ಇರುವುದೇ ನಿಜ ಅನ್ನುವುದು. ಮನಸ್ಸಿನಲ್ಲೇ ಎಲ್ಲ ಉತ್ತರಗಳನ್ನೂ ಸಾಲಾಗಿ ಜೋಡಿಸಿಟ್ಟುಕೊಂಡರು.

"ಅಮ್ಮನಿಂದ ಒಬ್ಬರು ಸತ್ತುಹೋದ್ರಲ್ಲ ಸಿಸ್ಟರ್," ಎಂದಳು ಮಗಳು, "ಒಂಬತ್ತನೇ ಹಾಸಿಗೇಲಿ."

"ಅಮ್ಮನಿಂದ?"

"ನಾಡಿ ಜಾಸ್ತಿ ಇದೆ ಅಂತ ನಿಮಗೆ ಹೇಳೋದು ಮರೆತರಂತಲ್ಲ. ಹೇಳಿದೀನಿ ಅಂತ ಅವರಿಗೆ ನೆನಪು. ಬಾಗಿಲಲ್ಲಿ ನಿಂತಿದ್ದು, ನೀವು ಬರ್ತೀನಿ ಹೋಗು ಅಂದಿದ್ದು, ಎಲ್ಲಾ ಎದುರಿಗೇ ಇದೆ ಅನ್ನೋರು. ಆದ್ರೆ ಅದು ಮನಸ್ಸು ಕಟ್ಟಿಕೊಂಡ ಕತೆ ಅಂತ ಆಮೇಲೆ ಅರ್ಥ ಆಯ್ತಂತೆ."

ಜೋಡಿಸಿಟ್ಟುಕೊಂಡ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ.

ಮಗಳು ಹೇಳುತ್ತಾ ಹೋದಳು. ಓದುವಾಗ ಒಂದು ದಿನ ಪುಸ್ತಕದಲ್ಲಿ ಆ ಪುಟ ಬಂದಿತ್ತಂತೆ. ಒಳಗೆ ರಕ್ತ ಹರಿಯುವವನ ಮೈ ತಣ್ಣಗಾಗುವುದು, ಬೆವರುವುದು, ಬಾಯಾರುವುದು, ನಾಡಿ ಓಡುವುದು. ಹನ್ನೊಂದು ವರ್ಷ ಕೈಗೆ ಗೊತ್ತಿದ್ದದ್ದಕ್ಕೆ ಅವತ್ತು ಹೆಸರು ಸಿಕ್ಕಿತು. ಅಮ್ಮ ಪುಸ್ತಕ ಮುಚ್ಚಿ ಸ್ನಾನದ ಮನೆಗೆ ಹೋಗಿ ಅತ್ತದ್ದು ಇವಳಿಗೆ ನೆನಪಿದೆ, ಆಗ ಐದಾರು ವರ್ಷದವಳು. ಇಷ್ಟು ಕಂಡೂ ಹೇಳದೆ ಹೇಗಿದ್ದೆನೋ, ಎಂಥ ಹೆಂಗಸು ನಾನು, ಎಂದು ಅಮ್ಮ ವರ್ಷಗಟ್ಟಲೆ ತನ್ನನ್ನೇ ಅನುಮಾನಿಸಿಕೊಂಡಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುತ್ತಿದ್ದಳು. ಬೀಗ ಹಾಕಿದರೆ ಮಗಳನ್ನು ಕರೆದು, ಹಾಕಿದೆ ತಾನೇ, ನೀನು ನೋಡಿದೆ ತಾನೇ, ಎಂದು ಕೇಳುತ್ತಿದ್ದಳು.

"ತಪ್ಪು ಮಾಡಿದ್ದೂ ಅಲ್ದೆ ಸಿಸ್ಟರ್ ಮೇಲೆ ಹಾಕೋಕೆ ಹೋದೆ, ಅದಕ್ಕೂ ಅವರು ಬೈಲಿಲ್ಲ, ಓದೋಕೆ ಸಹಿ ಬೇರೆ ಹಾಕಿಕೊಟ್ರು ಅನ್ನೋರು. ಪಡಸಾಲೆಯಲ್ಲಿ ನಿಮ್ಮನ್ನ ಕಂಡಾಗಲೆಲ್ಲ ಕೇಳ್ಬೇಕು ಅಂತ ಹೋಗಿ, ಧೈರ್ಯ ಸಾಲದೆ ಬರೀ ಕೈ ಮುಗಿದು ಬರ್ತಿದ್ರಂತೆ. ನನ್ನ ಪರವಾಗಿ ನೀನು ಕೇಳು ಅಂದ್ರು." ಮಗಳು ಕೈ ಮುಗಿದಳು. "ಅಮ್ಮನ್ನ ಕ್ಷಮಿಸಿಬಿಡಿ ಸಿಸ್ಟರ್."

ಹಾಗಾದರೆ ಯಾರಿಗೂ ಗೊತ್ತಿಲ್ಲ. ಜೋರುವಿಗೆ ಗೊತ್ತಿಲ್ಲ, ಮುದುಕನಿಗೆ ಗೊತ್ತಿಲ್ಲ, ಈ ಹುಡುಗಿಗೂ ಗೊತ್ತಿಲ್ಲ. ಕೊನೆಗೆ ಸತ್ತವಳಿಗೂ ಗೊತ್ತಿರಲಿಲ್ಲ. ದೊಡ್ಡ ಸಿಸ್ಟರ್ ಮೂವತ್ತನಾಲ್ಕು ವರ್ಷ ಯಾರಿಗೆ ಹೆದರಿ ಕಣ್ಣು ತಪ್ಪಿಸಿದ್ದರೋ ಅವಳು ಅಷ್ಟೂ ವರ್ಷ ಇವರಿಗೆ ಹೆದರಿ ತಲೆ ತಗ್ಗಿಸಿದ್ದಳು. ಆಯ್ತು ಬಿಡಮ್ಮ ಎಂದರೆ ಸಾಕಿತ್ತು. ಆ ಗುಟ್ಟು ಮೂರು ಗಂಟೆಯ ಗಾಡಿಯಲ್ಲಿ ಹೊರಟುಹೋಗುತ್ತಿತ್ತು. ಅನ್ನಲು ಬಾಯಿಯೂ ತೆರೆಯಿತು. ಆಯ್ತು ಎನ್ನುವುದರ ಬದಲು ಬಾಯಿಂದ ಬರೀ ಗಾಳಿ ಬಂತು. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಮಗಳು ಅಳತೆ ತೆಗೆಯುವ ಕಣ್ಣಿನಿಂದ ನೋಡಿದಳು. ಈಗ ಅನುಮಾನ ಆ ಕಣ್ಣಿನಲ್ಲಿತ್ತು. "ಕ್ಷಮಿಸೋಕೆ ಆಗಲ್ವಾ?" ಎಂದಳು.

ಉತ್ತರಕ್ಕೆ ಮುಂಚೆ ಮೇಟ್ರನ್ ಬಂದು ಇಣುಕಿದಳು. ಗಾಡಿ ಕೆಳಗೆ ಬಂದು ನಿಂತಿದೆ, ಹೊರಡುವ ಮುಂಚೆ ಹಿರಿಯರಾಗಿ ತಾವು ಎರಡು ಮಾತಾಡಬೇಕು ಎಂದು ಕೈ ಹಿಡಿದು ಎಬ್ಬಿಸಿದಳು.

ಹಾಲಿನಲ್ಲಿ ಎಲ್ಲರೂ ಎದ್ದು ನಿಂತಿದ್ದರು. ದೊಡ್ಡ ಸಿಸ್ಟರ್ ಇರುವೆಯ ತಲೆಯ ಹತ್ತಿರ ನಿಂತು ಕುರ್ಚಿಯ ಬೆನ್ನು ಹಿಡಿದರು. ಒಳ್ಳೆಯ ಹೆಂಗಸು ಎಂದರು. ಕೆಲಸಗಾತಿ ಎಂದರು. ಅಲ್ಲಿಗೆ ನಿಂತುಹೋಯಿತು. ಮುಂದೆ ಏನು ಹೇಳಹೋದರೂ ಇನ್ನೊಂದು ಸುಳ್ಳಾಗುತ್ತಿತ್ತು. ಕೊನೆಗೆ ಅವರ ಬಾಯಿಗೆ ಬಂದದ್ದು ಪಾಳಿ ಬದಲಾಗುವಾಗ ಮುಂದಿನವಳಿಗೆ ಒಪ್ಪಿಸುವ ವರದಿಯ ಭಾಷೆ. ಜೀವಮಾನವಿಡೀ ಆಡಿದ ಭಾಷೆ ಅದೊಂದೇ.

"ಒಂಬತ್ತನೇ ಹಾಸಿಗೆ. ದರ್ಜಿ ಕೆಲಸದವರು, ಹೊಟ್ಟೆ ಆಪರೇಷನ್ ಆಗಿ ಎರಡನೇ ದಿನ. ನಾಡಿ ನೂರಮೂವತ್ತೆರಡು, ಮೈ ತಣ್ಣಗೆ, ಬೆವರು, ಬಾಯಾರಿಕೆ. ಸಹಾಯಕಿ ಬಂದು ಸಿಸ್ಟರಿಗೆ ಹೇಳಿದಳು. ಸಿಸ್ಟರ್ ಎದ್ದು ಹೋಗಿ ನೋಡಲಿಲ್ಲ. ನೋಡದೇನೇ ಚಾರ್ಟಲ್ಲಿ ಎಂಬತ್ತನಾಲ್ಕು ಅಂತ ಬರೆದಳು. ರೋಗಿ ಸತ್ತರು. ಸಹಾಯಕಿ ಹೇಳಲೇ ಇಲ್ಲ ಅಂತ ಸಿಸ್ಟರ್ ಸುಳ್ಳು ಹೇಳಿದಳು. ಆ ಸಹಾಯಕಿ ಇವಳು. ಸಿಸ್ಟರ್ ನಾನು."

ಮೇಟ್ರನ್ ಮೆಲ್ಲನೆ ಬಂದು ಅವರ ಹೆಗಲ ಮೇಲೆ ಕೈಯಿಟ್ಟಳು. "ಬೆಳಿಗ್ಗೆಯಿಂದ ಸುಸ್ತಾಗಿದೆ ನಿಮಗೆ, ಕೂತ್ಕೊಳ್ಳಿ," ಎಂದಳು, ತಾಯಿಗೆ ಹೇಳುವ ಹಾಗೆ. "ಈ ವಯಸ್ಸಲ್ಲಿ ಹಳೇದೆಲ್ಲ ಒಂದರಲ್ಲೊಂದು ಕಲಸಿಹೋಗತ್ತೆ. ದುಃಖದಲ್ಲಿ ಹಾಗೇ ಆಯ್ತು ಅಂತ ಅನ್ನಿಸತ್ತೆ. ಎಲ್ಲರಿಗೂ ಆಗತ್ತೆ ಇದು." ನಿಂತವರಲ್ಲಿ ಕೆಲವರು ಪಾಪ ಎಂದು ತಲೆಯಾಡಿಸಿದರು.

ಆ ಕೈ ಮೆತ್ತಗಿತ್ತು, ದನಿ ಇನ್ನೂ ಮೆತ್ತಗಿತ್ತು. ಒಂದು ಗಳಿಗೆ ದೊಡ್ಡ ಸಿಸ್ಟರಿಗೆ, ಇರಬಹುದೇನೋ, ನಾನೇ ತಪ್ಪು ನೆನಪಿಟ್ಟುಕೊಂಡಿದ್ದೇನೋ ಎಂದು ಅನ್ನಿಸಿಬಿಟ್ಟಿತು. ಆ ಬಾಗಿಲು, ಆ ಬಟ್ಟೆಯ ಪಟ್ಟಿ, ಆ ಬೂದು ಸೀರೆ ಎಲ್ಲ ನೀರಲ್ಲಿ ಕಲಸಿದ ಹಾಗಾಯಿತು. ಇಷ್ಟು ಸುಲಭವೇ, ಅಂದುಕೊಂಡರು. ಒಬ್ಬರ ನೆನಪನ್ನು ಕಿತ್ತುಕೊಳ್ಳುವುದು ಇಷ್ಟು ಸುಲಭವೇ? ಮೇಟ್ರನ್ನಿನ ಕೈಯನ್ನು ಹೆಗಲಿನಿಂದ ತೆಗೆದರು.

"ನನಗೆ ಕಲಸಿಹೋಗಿಲ್ಲ," ಎಂದರು. ಈಗ ದನಿ ವಾರ್ಡಿನ ಕೊನೆಗೆ ಕೇಳಿಸುವ ಹಳೆಯ ದನಿಯಾಗಿತ್ತು. "ಅವಳು ಹೇಳಿದ್ಲು. ನನಗೆ ಕೇಳಿಸ್ತು. ನಾನು ಏಳಲಿಲ್ಲ."

ಸಹಾಯಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಂಡ್ರಿ ಮಾವ ಕುರ್ಚಿಯಲ್ಲಿ ಕುಸಿದು ಕುಳಿತ. ಮಗಳು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಹೊಡೆಯುತ್ತಾಳೆ ಎಂದೇ ದೊಡ್ಡ ಸಿಸ್ಟರ್ ನಿಂತಿದ್ದರು. ಹೊಡೆದರೆ ಹೊಡೆಯಲಿ ಎಂದು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಎಷ್ಟು ಗಂಟೆಗೆ ಹೇಳಿದ್ರು?" ಎಂದು ಕೇಳಿದಳು ಮಗಳು.

"ಎರಡು ಹತ್ತಕ್ಕೆ."

ಮಗಳು ಅವರನ್ನು ದಾಟಿ ಹೋದಳು. ಗಾಡಿಯವರು ಎತ್ತಲು ಬಗ್ಗಿದ್ದರು. ಅವರಿಗೆ ಸ್ವಲ್ಪ ಇರಿ ಎಂದು ಕೈ ಮಾಡಿ, ಮಂಡಿಯೂರಿ ಅಮ್ಮನ ಕಿವಿಯ ಹತ್ತಿರ ಬಾಯಿಟ್ಟಳು.

"ಅಮ್ಮಾ, ನೀನು ಹೇಳಿದ್ದೆ. ಎರಡು ಹತ್ತಕ್ಕೆ ಹೇಳಿದ್ದೆ."

ಆ ಕಡೆಯ ಕಿವಿ ಅಮ್ಮನಿಗೆ ಕೆಲವು ವರ್ಷದಿಂದ ಮಂದವಾಗಿತ್ತು. ಅದು ನೆನಪಾಗಿ ಮಗಳು ಎದ್ದು, ಸುತ್ತು ಹಾಕಿಕೊಂಡು ಇನ್ನೊಂದು ಪಕ್ಕಕ್ಕೆ ಬಂದಳು. ಅಲ್ಲಿ ನಿಂತಿದ್ದ ಬೂದು ಸೀರೆಯವರು ಸರಿದು ಜಾಗ ಬಿಟ್ಟರು. ಅವಳು ಮತ್ತೆ ಮಂಡಿಯೂರಿ, ಆ ಕಿವಿಯಲ್ಲೂ ಹೇಳಿದಳು.